ಗೋಡೆಗೆ ಮೊಳೆ ಹೊಡೆಯದೆ ಕೆಲಸದ ಕೋಣೆಗೆ ಬೆಳಕು

ಬಾಡಿಗೆಯ ಅಪಾರ್ಟ್‌ಮೆಂಟಿನಲ್ಲಿ ಒಂದು ಕೋಣೆಯನ್ನು ಮರಗೆಲಸಕ್ಕೋ ಎಲೆಕ್ಟ್ರಾನಿಕ್ಸ್ ಕೆಲಸಕ್ಕೋ ಬಿಟ್ಟುಕೊಂಡವರಿಗೆ ಸಾಮಾನ್ಯವಾಗಿ ಸಿಗುವುದು ಛಾವಣಿಯ ನಡುವೆ ಒಂದು ದೀಪ, ಇಲ್ಲವೇ ಯಾವುದೋ ಒಂದು ಗೋಡೆಯ ಮೇಲ್ಭಾಗದಲ್ಲಿ ಒಂದು ಟ್ಯೂಬ್‌ಲೈಟ್. ಮಲಗುವ ಕೋಣೆಗೆಂದು ಹಾಕಿದ ಈ ದೀಪ ಮಂಚ ಎಲ್ಲಿದೆ, ಬೀರುವಿನ ಬಾಗಿಲು ಎತ್ತ ತೆರೆಯುತ್ತದೆ ಎಂಬುದನ್ನು ತೋರಿಸಲು ಸಾಕು. ಪೆನ್ಸಿಲ್ ಗೆರೆಯ ಯಾವ ಬದಿಗೆ ಗರಗಸ ಇಡಬೇಕು ಎಂಬುದನ್ನು ತೋರಿಸಲು ಸಾಲದು. ನನ್ನ ಕೆಲಸದ ಕೋಣೆಯೂ ಹೀಗೆಯೇ ಇತ್ತು. ಮನೆ ಮಾಲೀಕರು ಗೋಡೆ ಕೊರೆಯಬಾರದೆಂದು ಕರಾರಿನಲ್ಲೇ ಬರೆಸಿದ್ದರಿಂದ, ಒಂದೇ ಒಂದು ತೂತನ್ನೂ ಮಾಡದೆ ಬೆಳಕನ್ನು ಸರಿಪಡಿಸಿಕೊಳ್ಳುವ ದಾರಿ ಹುಡುಕಬೇಕಾಯಿತು. ಆ ದಾರಿಯನ್ನೂ ಅದರ ಹಿಂದಿನ ಲೆಕ್ಕವನ್ನೂ ಇಲ್ಲಿ ಬರೆಯುತ್ತಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಕೆಲಸದ ಬೆಳಕನ್ನು ಕಟ್ಟಡಕ್ಕೆ ಜೋಡಿಸಬಾರದು, ಮೇಜಿಗೆ ಜೋಡಿಸಬೇಕು. ಸ್ವಂತ ಮನೆಯಲ್ಲಿದ್ದು ಮನಬಂದಷ್ಟು ಮೊಳೆ ಹೊಡೆಯಬಲ್ಲವರಿಗೂ ಈ ಮಾತು ಅನ್ವಯಿಸುತ್ತದೆ ಎಂದು ಈಗ ನನಗೆ ಅನ್ನಿಸುತ್ತದೆ.

ಕೋಣೆ ಚಿಕ್ಕದಾದ್ದರಿಂದ ಕೆಲಸದ ಮೇಜು ಗೋಡೆಗೆ ಒತ್ತಿಕೊಂಡೇ ಇರುತ್ತದೆ. ಅದರ ಮುಂದೆ ನಾವು ಗೋಡೆಗೆ ಮುಖ ಮಾಡಿ ನಿಲ್ಲುತ್ತೇವೆ, ಕೋಣೆಯ ನಡುವಿನ ದೀಪ ನಮ್ಮ ಬೆನ್ನ ಹಿಂದೆ ಉಳಿಯುತ್ತದೆ. ಕೆಲಸದ ಮೇಲೆ ಸ್ವಲ್ಪ ಬಾಗಿದರೂ ತಲೆಯ ಮತ್ತು ಹೆಗಲಿನ ನೆರಳು ಸರಿಯಾಗಿ ಉಳಿಯ ಮೊನೆ ಇರುವಲ್ಲಿಯೇ ಬೀಳುತ್ತದೆ. ಚೆನ್ನಾಗಿ ಕಾಣಲೆಂದು ಇನ್ನಷ್ಟು ಬಾಗಿದರೆ ನೆರಳು ಇನ್ನಷ್ಟು ಗಾಢವಾಗುತ್ತದೆ. ಇದನ್ನು ಸರಿಪಡಿಸಲು ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಅದೇ ಹೋಲ್ಡರಿಗೆ ಹೆಚ್ಚು ವಾಟ್‌ನ ಬಲ್ಬ್ ಹಾಕುವುದು. ಅದರಿಂದ ಕೋಣೆಯೇನೋ ಬೆಳಗುತ್ತದೆ, ಆದರೆ ನೆರಳು ಇದ್ದಲ್ಲಿಯೇ ಇರುತ್ತದೆ. ಸುತ್ತಲಿನ ಬೆಳಕು ಹೆಚ್ಚಾದಷ್ಟೂ ನೆರಳಿನ ಅಂಚು ಇನ್ನಷ್ಟು ಎದ್ದು ಕಾಣುತ್ತದೆ. ಬೆಳಕು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಬಿಟ್ಟು ಎಷ್ಟು ಬರುತ್ತದೆ ಎಂಬುದನ್ನು ಮಾತ್ರ ಕೇಳಿದರೆ ಹೀಗಾಗುತ್ತದೆ.

ಎಷ್ಟು ಎಂಬುದಕ್ಕೂ ಲೆಕ್ಕವಿದೆ, ಅದು ಕಷ್ಟದ ಲೆಕ್ಕವಲ್ಲ. ದೀಪ ಹೊರಸೂಸುವ ಒಟ್ಟು ಬೆಳಕನ್ನು ಲ್ಯೂಮೆನ್‌ನಲ್ಲಿ ಅಳೆಯುತ್ತಾರೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್. ಇಂದಿನ ಎಲ್‌ಇಡಿ ದೀಪಗಳು ಒಂದು ವಾಟ್‌ಗೆ ಸುಮಾರು 100 ಲ್ಯೂಮೆನ್ ಕೊಡುತ್ತವೆ, ಅಂದರೆ ನಾಲ್ಕು ಅಡಿ ಉದ್ದದ, ಟ್ಯೂಬ್‌ಲೈಟಿನ ಆಕಾರದ 20 ವಾಟ್‌ನ ಒಂದು ಎಲ್‌ಇಡಿ ಬ್ಯಾಟನ್‌ನಿಂದ 2000 ಲ್ಯೂಮೆನ್ ಸಿಗುತ್ತದೆ. ಹತ್ತು ಚದರ ಮೀಟರ್ ಕೋಣೆಯ ಛಾವಣಿಗೆ ಇದನ್ನು ಹಾಕಿ, ಅರ್ಧದಷ್ಟು ಬೆಳಕು ಮೇಜಿನ ಮಟ್ಟಕ್ಕೆ ತಲುಪುತ್ತದೆ ಎಂದುಕೊಂಡರೆ ಸಿಗುವುದು 100 ಲಕ್ಸ್. ಅದೇ ಬ್ಯಾಟನ್ ಅನ್ನು ಕೆಳಗಿಳಿಸಿ, ಒಂದೂವರೆ ಮೀಟರ್ ಉದ್ದ ಮತ್ತು 60 ಸೆಂಟಿಮೀಟರ್ ಅಗಲದ ಮೇಜಿನ ಮೇಲೆ ಸುಮಾರು 80 ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲಿಸಿದರೆ, ಬೆಳಕಿನ ನಾಲ್ಕರಲ್ಲಿ ಒಂದು ಭಾಗ ಮಾತ್ರ ಮೇಜಿಗೆ ಬಿದ್ದರೂ 550 ಲಕ್ಸ್ ಆಗುತ್ತದೆ. ದೀಪವೂ ಅದೇ, ಕರೆಂಟ್ ಖರ್ಚೂ ಅಷ್ಟೇ. ಕೆಲಸದ ಸ್ಥಳಗಳ ಬೆಳಕಿಗೆ ಯುರೋಪಿನಲ್ಲಿ ಬಳಸುವ ಇಎನ್ 12464-1 ಎಂಬ ಮಾನದಂಡ ಮರಗೆಲಸದ ಯಂತ್ರಗಳ ಬಳಿ 500 ಲಕ್ಸ್, ಪಾಲಿಶ್ ಮತ್ತು ಬಣ್ಣದ ಕೆಲಸಕ್ಕೆ 750, ಕೈಗಡಿಯಾರದಂಥ ಅತಿ ಸೂಕ್ಷ್ಮ ಕೈಕೆಲಸಕ್ಕೆ 1500 ಲಕ್ಸ್ ಬೇಕೆನ್ನುತ್ತದೆ. ಮೇಜಿನ ಮೇಲೆ ಎರಡು ಬ್ಯಾಟನ್ ಇದ್ದರೆ ಮನೆಯಲ್ಲಿ ಮಾಡುವ ಬಹುಪಾಲು ಕೆಲಸಕ್ಕೆ ಬೇಕಾದಷ್ಟು ಬೆಳಕು ಬಂದಂತಾಯಿತು, ಇಡೀ ಕೋಣೆಯನ್ನು ಆಟದ ಮೈದಾನದಂತೆ ಬೆಳಗಿಸುವ ಅಗತ್ಯವಿಲ್ಲ.

ಈ ಎರಡು ಬ್ಯಾಟನ್‌ಗಳನ್ನು ನಿಲ್ಲಿಸಲು ನಾನು ಮಾಡಿಕೊಂಡಿರುವುದು ಒಂದು ಸರಳವಾದ ಮರದ ಚೌಕಟ್ಟು. ಮೇಜಿನ ಹಿಂದಿನ ಎರಡು ಕಾಲುಗಳಿಗೆ ಒಂದೊಂದು ಉದ್ದನೆಯ ರೀಪನ್ನು ಒತ್ತಿಟ್ಟು, ಪ್ರತಿಯೊಂದನ್ನೂ ಮೇಲೊಂದು ಕೆಳಗೊಂದು ಬೋಲ್ಟಿನಿಂದ ಬಿಗಿದಿದ್ದೇನೆ. ಮೇಜು ನನ್ನದೇ ಆದ್ದರಿಂದ ಅದಕ್ಕೆ ತೂತು ಕೊರೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ; ಮೇಜಿಗೂ ತೂತು ಬೇಡವೆನ್ನುವವರು ಎರಡೆರಡು ಜಿ-ಕ್ಲ್ಯಾಂಪ್ ಹಾಕಬಹುದು. ಎರಡೂ ರೀಪುಗಳ ತುದಿಯನ್ನು ಅಡ್ಡಪಟ್ಟಿಯೊಂದು ಜೋಡಿಸುತ್ತದೆ. ಆ ಅಡ್ಡಪಟ್ಟಿಯಿಂದ ಎರಡು ತೋಳುಗಳು ಮೇಜಿನ ಮುಂಗಡೆಗೆ ಚಾಚಿಕೊಂಡಿವೆ, ಅವು ಬಾಗದಂತೆ ಕೆಳಗಿನಿಂದ ಓರೆಯಾಗಿ ಒಂದೊಂದು ಆಸರೆ ಪಟ್ಟಿ ಕೊಟ್ಟಿದ್ದೇನೆ. ಒಂದು ಬ್ಯಾಟನ್ ಮೇಜಿನ ಹಿಂಭಾಗದ ಮೇಲೆ, ಇನ್ನೊಂದು ಮುಂದಿನ ಅಂಚಿಗಿಂತ ಸ್ವಲ್ಪ ಒಳಗೆ ಬರುತ್ತದೆ. ಮುಂದಿನದರ ಜಾಗ ಮುಖ್ಯ. ಅದು ಬಾಗಿದ ತಲೆಗಿಂತ ಮುಂದಿರಬೇಕು. ನೆತ್ತಿಯ ಮೇಲೆ ಬಂದರೆ ಛಾವಣಿಯ ದೀಪದ ಕಾಟವೇ ಮತ್ತೆ ಶುರುವಾಗುತ್ತದೆ. ಬ್ಯಾಟನ್ ಉದ್ದವಾಗಿರುವುದರಿಂದ ಕೈಯ ನೆರಳು ಒಂದೇ ಕಡೆ ಕಪ್ಪಾಗಿ ಬೀಳದೆ ಹರಡಿ ತೆಳುವಾಗುತ್ತದೆ, ಒಂದು ಬ್ಯಾಟನ್‌ಗೆ ಅಡ್ಡ ಬಂದ ಕೈಯ ನೆರಳನ್ನು ಇನ್ನೊಂದು ತುಂಬುತ್ತದೆ.

ಅಷ್ಟು ಕೆಳಗೆ ದೀಪ ಬಂದಾಗ ಹೊಸದೊಂದು ತೊಂದರೆ ಹುಟ್ಟುತ್ತದೆ. ಅದು ಹೆಚ್ಚು ಕಡಿಮೆ ಕಣ್ಣಿನ ಎತ್ತರಕ್ಕೇ ಬಂದು ನೇರವಾಗಿ ಕಣ್ಣು ಕುಕ್ಕುತ್ತದೆ, ಪಾಪೆ ಕಿರಿದಾಗುತ್ತದೆ, ಮೇಜಿನ ಮೇಲಿರುವುದು ಇರುವುದಕ್ಕಿಂತ ಮಬ್ಬಾಗಿ ಕಾಣುತ್ತದೆ. ಆದ್ದರಿಂದ ಮುಂದಿನ ಬ್ಯಾಟನ್‌ಗೆ ನಮ್ಮ ಕಡೆಯಿಂದ ನಾಲ್ಕೈದು ಬೆರಳಗಲದ ತೆಳು ಪಟ್ಟಿಯೊಂದನ್ನು ಮರೆಯಾಗಿ ಇಳಿಬಿಡಬೇಕು. ಅದರ ಒಳಮೈಗೆ ಬಿಳಿ ಬಣ್ಣ ಹಚ್ಚಿದರೆ ತಡೆದ ಬೆಳಕು ವ್ಯರ್ಥವಾಗದೆ ಕೆಳಕ್ಕೆ ತಿರುಗುತ್ತದೆ. ಎತ್ತರವನ್ನು ಕೂಡ ಪುಸ್ತಕದ ಅಳತೆಗಿಂತ ನಿಮ್ಮ ಮೈಕಟ್ಟನ್ನು ನೋಡಿ ನಿರ್ಧರಿಸಿ, ಉದ್ದನೆಯ ಹಲಗೆಯನ್ನು ನಿಲ್ಲಿಸಿ ತಿರುಗಿಸುವಾಗ ದೀಪಕ್ಕೆ ತಗಲುತ್ತದೆಯೇ ಎಂದೂ ಒಮ್ಮೆ ನೋಡಿಕೊಳ್ಳಿ.

ಚೌಕಟ್ಟು ಬೇಡವೆನ್ನುವವರಿಗೆ ಬೇರೆ ದಾರಿಗಳಿವೆ. ನೆಲಕ್ಕೂ ಛಾವಣಿಗೂ ನಡುವೆ ಸ್ಪ್ರಿಂಗ್ ಅಥವಾ ತಿರುಪಿನ ಒತ್ತಡದಿಂದ ನಿಲ್ಲುವ ಕಂಬಗಳು ಸಿಗುತ್ತವೆ. ಗಟ್ಟಿ ಕಾಂಕ್ರೀಟ್ ಛಾವಣಿಯ ಕೆಳಗೆ ಅವು ಚೆನ್ನಾಗಿ ನಿಲ್ಲುತ್ತವೆ, ಫಾಲ್ಸ್ ಸೀಲಿಂಗಿನ ಕೆಳಗೆ ಮಾತ್ರ ಖಂಡಿತ ಬೇಡ. ಕಬ್ಬಿಣದ ಕಪಾಟು ಇದ್ದರೆ ಆಯಸ್ಕಾಂತದ ಬುಡವಿರುವ ದೀಪ ಸಾಕು. ಎರಡೂ ಬದಿಗೆ ಅಂಟಿರುವ ಟೇಪಿನ ಮೇಲೆ ನನಗೆ ನಂಬಿಕೆಯಿಲ್ಲ. ಡಿಸ್ಟೆಂಪರ್ ಅಥವಾ ಸುಣ್ಣ ಬಳಿದ ಗೋಡೆಯಲ್ಲಿ ಅಂಟು ಹಿಡಿದುಕೊಳ್ಳುವುದು ಗೋಡೆಯನ್ನಲ್ಲ, ಬಣ್ಣದ ಪದರವನ್ನು. ಸ್ವಲ್ಪ ಭಾರ ಬಿದ್ದರೆ ಆ ಪದರವೇ ಸುಲಿದುಕೊಂಡು ದೀಪದೊಡನೆ ಕೆಳಕ್ಕೆ ಬರುತ್ತದೆ. ತೂತು ಬೇಡವೆಂದು ಟೇಪು ಹಚ್ಚಿ, ಕೊನೆಗೆ ಇಡೀ ಗೋಡೆಗೆ ಬಣ್ಣ ಹೊಡೆಸಿಕೊಡುವ ಪರಿಸ್ಥಿತಿ ತಂದುಕೊಳ್ಳುವುದರಲ್ಲಿ ಅರ್ಥವಿಲ್ಲ. ಅದೇ ಟೇಪು ಪುಸ್ತಕದ ಕಪಾಟಿನ ನಯವಾದ ಲ್ಯಾಮಿನೇಟ್ ಮೇಲೆ ಚೆನ್ನಾಗಿ ಕೂರುತ್ತದೆ, ಹಗುರವಾದ ಎಲ್‌ಇಡಿ ಸ್ಟ್ರಿಪ್‌ಗೆ ಅದು ಸಾಕು. ಸ್ಟ್ರಿಪ್ ಹಾಕುವುದಾದರೆ ಅಲ್ಯೂಮಿನಿಯಂ ಚಾನೆಲ್‌ನೊಳಗೆ ಹಾಕಿ. ಅದು ಬಿಸಿಯನ್ನು ಎಳೆದುಕೊಂಡು ಸ್ಟ್ರಿಪ್‌ನ ಆಯುಸ್ಸನ್ನು ಹೆಚ್ಚಿಸುತ್ತದೆ, ಚಾನೆಲ್‌ನ ಹಾಲುಬಣ್ಣದ ಮುಚ್ಚಳ ಚುಕ್ಕೆ ಚುಕ್ಕೆಯಾದ ಬೆಳಕನ್ನು ಒಂದೇ ಗೆರೆಯಾಗಿ ಮಾಡುತ್ತದೆ. ಹನ್ನೆರಡು ವೋಲ್ಟ್‌ನ ಉದ್ದನೆಯ ಸ್ಟ್ರಿಪ್‌ಗೆ ಒಂದೇ ತುದಿಯಿಂದ ಕರೆಂಟ್ ಕೊಟ್ಟರೆ ಇನ್ನೊಂದು ತುದಿ ಮಂಕಾಗುತ್ತದೆ, ಎರಡೂ ತುದಿಗಳಿಂದ ಕೊಟ್ಟರೆ ಸರಿಹೋಗುತ್ತದೆ.

ಚೌಕಟ್ಟಿನ ಬೆಳಕು ಎಷ್ಟೇ ಚೆನ್ನಾಗಿದ್ದರೂ ಬೇಕೆಂದಾಗ ಎಳೆದುಕೊಳ್ಳಬಹುದಾದ ಒಂದು ತೋಳಿನ ದೀಪ ಪಕ್ಕದಲ್ಲಿರಲೇಬೇಕು. ಸ್ಪ್ರಿಂಗುಗಳ ಬಲದಿಂದ ಇಟ್ಟಲ್ಲಿಯೇ ನಿಲ್ಲುವ ಈ ಬಗೆಯ ದೀಪವನ್ನು ರೂಪಿಸಿದವನು ಇಂಗ್ಲೆಂಡಿನ ಜಾರ್ಜ್ ಕಾರ್ವರ್ಡೀನ್, ವಾಹನಗಳ ಸಸ್ಪೆನ್ಷನ್ ಕೆಲಸದಲ್ಲಿದ್ದ ಎಂಜಿನಿಯರ್. 1930ರ ದಶಕದ ಆರಂಭದ ಆ ವಿನ್ಯಾಸದ ಮೂಲತತ್ತ್ವ ಇಂದಿಗೂ ಬದಲಾಗಿಲ್ಲ. ಬಲಗೈಯಲ್ಲಿ ಕೆಲಸ ಮಾಡುವವರು ಇದನ್ನು ಎಡಕ್ಕೆ, ಎಡಗೈಯವರು ಬಲಕ್ಕೆ ಇಟ್ಟುಕೊಂಡರೆ ಉಪಕರಣ ಹಿಡಿದ ಕೈಯ ನೆರಳು ಕೆಲಸದಿಂದ ಆಚೆಗೆ ಬೀಳುತ್ತದೆ. ಆದರೆ ಈ ದೀಪದ ನಿಜವಾದ ಉಪಯೋಗ ಅದನ್ನು ಕೆಳಗಿಳಿಸಿದಾಗಲೇ ತಿಳಿಯುವುದು.

ಹಲಗೆಯೊಂದನ್ನು ಕೀಸುಳಿಯಿಂದ ಹೆರೆದು, ಉಪ್ಪುಕಾಗದದಿಂದ ಉಜ್ಜಿ, ಅಂಗೈಯಿಂದ ಸವರಿ ನುಣುಪಾಗಿದೆ ಎಂದುಕೊಳ್ಳುತ್ತೇವೆ. ಮೇಲಿನ ಬ್ಯಾಟನ್‌ಗಳ ಬೆಳಕಿನಲ್ಲಿ ಅದು ನಿಜವಾಗಿಯೂ ನುಣುಪಾಗಿಯೇ ಕಾಣುತ್ತದೆ. ಈಗ ಆ ಬ್ಯಾಟನ್‌ಗಳನ್ನು ಆರಿಸಿ, ತೋಳಿನ ದೀಪವನ್ನು ಹಲಗೆಯ ಮಟ್ಟಕ್ಕೇ ಇಳಿಸಿ, ಬೆಳಕು ಹಲಗೆಯ ಮೈಯನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ತಿರುಗಿಸಿ. ಕೀಸುಳಿಯ ಅಲಗಿನ ಮೂಲೆ ಎಳೆದ ಉದ್ದನೆಯ ಗೆರೆಗಳು, ನಾರಿನ ಎದುರು ದಿಕ್ಕಿಗೆ ಹೆರೆದಾಗ ಕಿತ್ತುಬಂದ ಸಣ್ಣ ಗುಳಿಗಳು, ಒರಟು ಕಾಗದ ನಾರಿಗೆ ಅಡ್ಡಲಾಗಿ ಬಿಟ್ಟ ಗೀರುಗಳು, ಒರೆಸಿದೆವೆಂದುಕೊಂಡ ಅಂಟಿನ ತೆಳುಪದರ, ಎಲ್ಲಕ್ಕೂ ಒಂದೊಂದು ನೆರಳು ಮೂಡಿ ಮೇಲೆದ್ದು ಬರುತ್ತವೆ. ವಾರ್ನಿಷ್ ಹಚ್ಚಿದ ಮೇಲೆ ಇವೆಲ್ಲ ಹೇಗೂ ಕಾಣಿಸಿಕೊಳ್ಳುತ್ತವೆ, ಆದರೆ ಆಗ ಸರಿಪಡಿಸಲು ವಾರ್ನಿಷನ್ನೇ ಕೆರೆದು ತೆಗೆಯಬೇಕು. ಮೇಲಿನ ಬೆಳಕಿನಿಂದ ನೆರಳನ್ನು ಅಳಿಸಲು ಇಷ್ಟೊಂದು ಶ್ರಮಪಟ್ಟು, ಪರೀಕ್ಷೆಯ ಹೊತ್ತಿಗೆ ನಾವೇ ನೆರಳನ್ನು ಬರಮಾಡಿಕೊಳ್ಳುತ್ತೇವೆ. ಅದಕ್ಕಾಗಿಯೇ ಚೌಕಟ್ಟಿನ ದೀಪಕ್ಕೂ ತೋಳಿನ ದೀಪಕ್ಕೂ ಬೇರೆ ಬೇರೆ ಸ್ವಿಚ್ ಇರಬೇಕೆಂದು ನಾನು ಒತ್ತಿ ಹೇಳುವುದು.

ಇನ್ನು ಬೆಳಕಿನ ಬಣ್ಣ. ದೀಪದ ಪೆಟ್ಟಿಗೆಯ ಮೇಲೆ 2700 ಕೆಲ್ವಿನ್, 4000 ಕೆಲ್ವಿನ್, 6500 ಕೆಲ್ವಿನ್ ಎಂದು ಬರೆದಿರುತ್ತಾರೆ. ಮೊದಲನೆಯದು ಹಳದಿ, ಕೊನೆಯದು ನೀಲಿ ಛಾಯೆಯ ಬಿಳಿ. ಕೆಲಸಕ್ಕೆ 4000ರ ಆಸುಪಾಸಿನದು ನನಗೆ ಹಿತವೆನಿಸುತ್ತದೆ, ಆದರೆ ಇದು ಬಹುಮಟ್ಟಿಗೆ ರುಚಿಯ ವಿಚಾರ, ಇದರ ಬಗ್ಗೆ ವಾದ ಮಾಡುವುದಿಲ್ಲ. ವಾದಕ್ಕೆ ತಕ್ಕದ್ದು ಸಿಆರ್‌ಐ ಎಂಬ ಇನ್ನೊಂದು ಸಂಖ್ಯೆ. ದೀಪದ ಬೆಳಕಿನಲ್ಲಿ ವಸ್ತುಗಳ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬುದನ್ನು ಅದು 100ಕ್ಕೆ ಇಷ್ಟು ಎಂದು ಹೇಳುತ್ತದೆ. ಸಾಧಾರಣ ಎಲ್‌ಇಡಿ ದೀಪಗಳು 80ರ ಸುತ್ತಮುತ್ತ ಇರುತ್ತವೆ, 90ಕ್ಕಿಂತ ಮೇಲಿನವು ಹುಡುಕಿದರೆ ಸಿಗುತ್ತವೆ. ಎಂಟು ತಿಳಿ ಬಣ್ಣಗಳ ಸರಾಸರಿಯಿಂದ ಈ ಸಂಖ್ಯೆ ಬರುವುದರಿಂದ ಗಾಢ ಕೆಂಪು ಆ ಲೆಕ್ಕದೊಳಗೆ ಸೇರುವುದೇ ಇಲ್ಲ. ಅದನ್ನು ಆರ್9 ಎಂದು ಪ್ರತ್ಯೇಕವಾಗಿ ಕೊಡುತ್ತಾರೆ, ಬಹಳಷ್ಟು ತಯಾರಕರು ಕೊಡುವುದೂ ಇಲ್ಲ. ಕೆಂಪು ಸರಿಯಾಗಿ ಕಾಣದಿದ್ದರೆ ಏನಾಗುತ್ತದೆ ಎಂಬುದು ರೆಸಿಸ್ಟರ್ ಆರಿಸುವವರಿಗೆ ಬೇಗ ತಿಳಿಯುತ್ತದೆ. ಈ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಮೌಲ್ಯ ಹೇಳುವ ಬಣ್ಣದ ಪಟ್ಟಿಗಳ ಲೆಕ್ಕದಲ್ಲಿ ಕಂದು ಒಂದು, ಕೆಂಪು ಎರಡು, ಕಿತ್ತಳೆ ಮೂರು. ಕಳಪೆ ದೀಪದ ಕೆಳಗೆ ಈ ಮೂರೂ ಒಂದೇ ಕೆಸರು ಬಣ್ಣದ ಅಣ್ಣತಮ್ಮಂದಿರಾಗಿಬಿಡುತ್ತವೆ, ಮೂರನೆಯ ಪಟ್ಟಿಯಲ್ಲಿ ಕೆಂಪನ್ನು ಕಿತ್ತಳೆಯೆಂದು ಓದಿದರೆ ಮೌಲ್ಯ ಹತ್ತು ಪಟ್ಟು ಬದಲಾಗುತ್ತದೆ. ಮರಕ್ಕೆ ಬಣ್ಣ ಕೂಡಿಸುವಾಗಲೂ ಇದೇ ತೊಂದರೆ: ರಾತ್ರಿ ಒಂದೇ ಆಗಿ ಕಂಡ ಎರಡು ಹಲಗೆಗಳು ಹಗಲಿನಲ್ಲಿ ಬೇರೆ ಬೇರೆಯಾಗಿ ನಿಂತಿರುತ್ತವೆ.

ತಿರುಗುವ ಯಂತ್ರ ಇಟ್ಟುಕೊಂಡವರು ದೀಪದ ಮಿಣುಕನ್ನು ಹಗುರವಾಗಿ ಎಣಿಸಬಾರದು. ಮನೆಯ ಕರೆಂಟ್ 50 ಹರ್ಟ್ಜ್ ಆಗಿರುವಲ್ಲಿ, ಒಳಗಿನ ಡ್ರೈವರ್, ಅಂದರೆ ಮನೆಯ ಕರೆಂಟನ್ನು ದೀಪಕ್ಕೆ ಹೊಂದಿಸಿ ಕೊಡುವ ಸರ್ಕ್ಯೂಟ್, ಕಳಪೆಯಾಗಿರುವ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. 60 ಹರ್ಟ್ಜ್ ಇರುವ ದೇಶಗಳಲ್ಲಿ 120 ಸಲ. ಕಣ್ಣಿಗೆ ಅದು ನೇರವಾಗಿ ಗೊತ್ತಾಗುವುದಿಲ್ಲ. ಕೆಲಸದ ತುಂಡನ್ನು ನಾಲ್ಕು ದವಡೆಗಳಿಂದ ಕಚ್ಚಿ ಹಿಡಿದು ತಿರುಗುವ ಚಕ್ ಇರುವ ಸಣ್ಣ ಲೇತ್ (ಕಡೆಯುವ ಯಂತ್ರ) ಒಂದು ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಅದು ಸೆಕೆಂಡಿಗೆ 25 ಸುತ್ತು; ಬೆಳಕಿನ ಎರಡು ಮಿಣುಕಿನ ನಡುವೆ ಚಕ್ ತಿರುಗುವುದು ಸರಿಯಾಗಿ ಕಾಲು ಸುತ್ತು. ಪ್ರತಿ ಮಿಣುಕಿಗೂ ಒಂದು ದವಡೆಯ ಜಾಗಕ್ಕೆ ಮುಂದಿನ ದವಡೆ ಬಂದು ನಿಲ್ಲುವುದರಿಂದ ಚಕ್ ನಿಂತೇ ಇದೆ ಎಂಬ ಭ್ರಮೆ ಹುಟ್ಟುತ್ತದೆ. ಸದ್ದಿನಿಂದ ಗೊತ್ತಾಗುವುದಿಲ್ಲವೇ ಎನ್ನಬಹುದು. ಪಕ್ಕದಲ್ಲಿ ಧೂಳೆಳೆಯುವ ಯಂತ್ರ ಮೊರೆಯುತ್ತಿರುವಾಗ, ಕಿವಿಗೆ ರಕ್ಷಣೆ ಹಾಕಿಕೊಂಡಿರುವಾಗ ಗೊತ್ತಾಗದೆಯೂ ಇರಬಹುದು. ಪರೀಕ್ಷೆ ಸುಲಭ. ದೀಪದ ಬೆಳಕಿನಲ್ಲಿ ಪೆನ್ಸಿಲೊಂದನ್ನು ಬೆರಳುಗಳ ನಡುವೆ ಹಿಡಿದು ಬೇಗಬೇಗ ಆಡಿಸಿ: ನಯವಾದ ಮಸುಕು ಕಂಡರೆ ದೀಪ ಒಳ್ಳೆಯದು, ಬೀಸಣಿಗೆಯ ಕಡ್ಡಿಗಳಂತೆ ಬಿಡಿಬಿಡಿಯಾದ ಹಲವು ಪೆನ್ಸಿಲ್ ಕಂಡರೆ ಆ ದೀಪವನ್ನು ಯಂತ್ರದ ಹತ್ತಿರ ಹಾಕಬೇಡಿ. ಫೋನಿನ ಕ್ಯಾಮೆರಾವನ್ನು ದೀಪದ ಹತ್ತಿರ ಹಿಡಿದಾಗ ತೆರೆಯ ಮೇಲೆ ಕಪ್ಪು ಪಟ್ಟಿಗಳು ಹರಿದರೂ ಅದೇ ಅರ್ಥ.

ಗೋಡೆಯ ಬಣ್ಣ ನಮ್ಮ ಕೈಯಲ್ಲಿಲ್ಲ, ಆದರೆ ಮೇಜಿನ ಹಿಂದೆ ಏನು ನಿಲ್ಲಿಸುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ. ಹೊಳಪಿಲ್ಲದ ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ. 80ರಷ್ಟನ್ನು ಹಿಂದಕ್ಕೆ ಕೊಡುತ್ತದೆ, ಗಾಢ ಬಣ್ಣದ ಮರ ಬಹುಪಾಲನ್ನು ನುಂಗಿಬಿಡುತ್ತದೆ. ಬಿಳಿ ಬಣ್ಣ ಹಚ್ಚಿದ ಪ್ಲೈವುಡ್ ಹಲಗೆಯೊಂದನ್ನು ಮೇಜಿನ ಹಿಂದೆ ಚೌಕಟ್ಟಿಗೆ ಬಿಗಿದರೆ ಬೆಳಕು ಅಲ್ಲಿಂದ ತಿರುಗಿ ಬಂದು ಕೆಲಸದ ಹಿಂಬದಿಯ ನೆರಳನ್ನು ತಿಳಿಯಾಗಿಸುತ್ತದೆ. ಸುತ್ತಿಗೆ, ಮೂಲೆಮಟ್ಟ, ಗರಗಸಗಳನ್ನು ಅದಕ್ಕೇ ತೂಗುಹಾಕಬಹುದು, ಗೋಡೆಗೆ ಗೀರು ಬೀಳುವುದೂ ತಪ್ಪುತ್ತದೆ. ಥರ್ಮೋಕೋಲ್ ಹಾಳೆ ಬೆಳಕನ್ನು ಇನ್ನೂ ಚೆನ್ನಾಗಿ ಹರಡುತ್ತದೆ, ಆದರೆ ಅದು ಬೇಗ ಬೆಂಕಿ ಹತ್ತುವ ವಸ್ತು, ಬೆಸುಗೆ ಹಾಕುವ ಮೇಜಿನ ಹತ್ತಿರ ಸಲ್ಲದು. ಕಿಟಕಿಯಿದ್ದರೆ ಅದು ಮೇಜಿನ ಪಕ್ಕಕ್ಕೆ ಬರುವಂತೆ ನೋಡಿಕೊಳ್ಳಿ. ಎದುರಿಗೆ ಬಂದರೆ ಕಣ್ಣು ಹೊರಗಿನ ಬೆಳಕಿಗೆ ಹೊಂದಿಕೊಂಡು ಮೇಜು ಕತ್ತಲಾಗಿ ಕಾಣುತ್ತದೆ, ಬೆನ್ನ ಹಿಂದೆ ಬಂದರೆ ಮತ್ತೆ ನಮ್ಮದೇ ನೆರಳು.

ಛಾವಣಿಯ ದೀಪವನ್ನು ತೆಗೆಯುವ ಅಗತ್ಯವಿಲ್ಲ. ಸುತ್ತಲೂ ಕತ್ತಲಿದ್ದು ಮೇಜೊಂದೇ ಬೆಳಗಿದರೆ ತಲೆಯೆತ್ತಿ ನೋಡಿದಾಗಲೆಲ್ಲ ಕಣ್ಣು ಹೊಸದಾಗಿ ಹೊಂದಿಕೊಳ್ಳಬೇಕಾಗಿ ಬೇಗ ದಣಿಯುತ್ತದೆ. ಅಲ್ಲಿನ ಬಲ್ಬ್ ಮಾತ್ರ ಬದಲಿಸಿ, ಹಳೆಯದನ್ನು ಹೆಸರು ಬರೆದ ಪೆಟ್ಟಿಗೆಯಲ್ಲಿ ಎತ್ತಿಡಿ. ಗಾಜಿನಿಂದ ಪೂರ್ತಿ ಮುಚ್ಚಿದ ದೀಪವಾಗಿದ್ದರೆ ಎಲ್‌ಇಡಿ ಬಲ್ಬಿನ ಡ್ರೈವರ್ ಒಳಗಿನ ಬಿಸಿಗೆ ಬೇಗ ಕೆಡುತ್ತದೆ, ಕಡಿಮೆ ವಾಟ್‌ನದೇ ಇರಲಿ. ಮನೆಯ ಒಳವೈರಿಂಗ್ ಮುಟ್ಟಬೇಡಿ. ಬ್ಯಾಟನ್‌ಗಳಿಗೆ ಪ್ಲಗ್ ಇರುವ ವೈರ್ ಹಾಕಿಸಿ, ಮೇಜಿಗೇ ಬಿಗಿದ ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಕೊಟ್ಟರೆ ಸಾಕು. ಎರಡು ಬ್ಯಾಟನ್ ಮತ್ತು ಒಂದು ತೋಳಿನ ದೀಪ ಸೇರಿದರೂ 60 ವಾಟ್ ದಾಟುವುದಿಲ್ಲ, ಯಾವ ಸಾಕೆಟ್ಟಿಗೂ ಅದು ಹೊರೆಯಲ್ಲ. ಹೊರೆಯಾಗುವುದು ಅದೇ ಬೋರ್ಡಿಗೆ ಗರಗಸದ ಯಂತ್ರವನ್ನೂ ಹೀಟ್ ಗನ್ನನ್ನೂ ಸಿಕ್ಕಿಸಿದಾಗ. ಯಂತ್ರಗಳಿಗೆ ಬೇರೆ ಸಾಕೆಟ್ ಕೊಡುವುದರಲ್ಲಿ ಇನ್ನೊಂದು ಅನುಕೂಲವಿದೆ: ಯಂತ್ರಗಳ ಕಡೆಯ ಫ್ಯೂಸ್ ಹೋದರೂ, ತಿರುಗುತ್ತಿರುವ ಅಲಗು ನಿಲ್ಲುವ ಮೊದಲೇ ದೀಪ ಆರುವುದಿಲ್ಲ. ಲೋಹದ ಮೈಯ ದೀಪಕ್ಕೆ ಮೂರು ಪಿನ್ನಿನ ಪ್ಲಗ್ಗೇ ಬೇಕು, ಅರ್ತ್ ವೈರ್ ನಿಜವಾಗಿಯೂ ಜೋಡಿಸಿದೆಯೇ ಎಂದು ತಿಳಿದವರಿಂದ ನೋಡಿಸಿ. ನೆಲದ ಮೇಲೆ ವೈರ್ ಹರಿಯಲು ಬಿಡದೆ ಚೌಕಟ್ಟಿನ ಕಂಬದ ಹಿಂಬದಿಯಲ್ಲಿ ಟೈ ಹಾಕಿ ಕೆಳಗಿಳಿಸುವುದು ಲೇಸು.

ಎಲ್ಲ ಆದ ಮೇಲೆ ಫೋನಿನ ಲಕ್ಸ್ ಮೀಟರ್ ಆ್ಯಪ್‌ನಿಂದ ಒಮ್ಮೆ ಅಳೆದು ಬರೆದಿಡಿ. ಅದು ತೋರಿಸುವ ಸಂಖ್ಯೆಯನ್ನು ಸತ್ಯವೆಂದು ನಂಬಬೇಕಿಲ್ಲ, ಆದರೆ ಅದೇ ಫೋನು, ಅದೇ ಜಾಗ ಎಂದಾದರೆ ಹೋಲಿಕೆಗೆ ಸಾಕು. ಮೇಜಿನ ನಾಲ್ಕು ಮೂಲೆ ಮತ್ತು ನಡುಭಾಗದಲ್ಲಿ ಅಳೆದರೆ ಯಾವ ಮೂಲೆ ಮಂಕಾಗಿದೆ ಎಂದು ತಿಳಿಯುತ್ತದೆ. ಕೆಲವು ತಿಂಗಳ ನಂತರ ಮತ್ತೆ ಅಳೆದರೆ ಬ್ಯಾಟನ್ ಮೇಲೆ ಕೂತ ಮರದ ಧೂಳು ಎಷ್ಟು ಬೆಳಕನ್ನು ತಿಂದಿದೆ ಎಂಬುದೂ ತಿಳಿಯುತ್ತದೆ. ದೀಪ ಆರಿಸಿ, ತಣ್ಣಗಾದ ಮೇಲೆ ಒಣಬಟ್ಟೆಯಿಂದ ಒರೆಸಿದರೆ ಆ ಬೆಳಕು ಮರಳಿ ಬರುತ್ತದೆ. ಮಾನದಂಡದ ಸಂಖ್ಯೆಗಳು ಎಲ್ಲರಿಗೂ ಒಂದೇ ಆದರೂ ಕಣ್ಣು ಒಂದೇ ಅಲ್ಲ. ಅರವತ್ತರ ವಯಸ್ಸಿನಲ್ಲಿ ಅಕ್ಷಿಪಟಕ್ಕೆ ತಲುಪುವ ಬೆಳಕು ಇಪ್ಪತ್ತರಲ್ಲಿ ತಲುಪುತ್ತಿದ್ದುದರ ಸುಮಾರು ಮೂರನೇ ಒಂದು ಭಾಗ. ಪಾಪೆ ಮೊದಲಿನಷ್ಟು ಹಿಗ್ಗುವುದಿಲ್ಲ, ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ಮನೆಯ ಹಿರಿಯರೂ ಅದೇ ಮೇಜಿನಲ್ಲಿ ಕೂರುವುದಾದರೆ ತೋಳಿನ ದೀಪವನ್ನು ಅವರ ಕೆಲಸದ ಇನ್ನಷ್ಟು ಹತ್ತಿರಕ್ಕೆ ತಂದುಕೊಡಬೇಕು, ಹೆಚ್ಚು ಪ್ರಖರವಾದ ಬಲ್ಬನ್ನು ದೂರದಲ್ಲಿ ಹಾಕುವುದಕ್ಕಿಂತ ಅದು ಅವರಿಗೆ ಹಿತ. ಸೂಕ್ಷ್ಮ ಕೆಲಸಕ್ಕೆ ಭೂತಗನ್ನಡಿ ಇರುವ ದೀಪ ತಂದರೆ ಅದರ ಮುಚ್ಚಳವನ್ನೂ ಜೋಪಾನ ಮಾಡಿ, ಕೆಲಸ ಮುಗಿದೊಡನೆ ಹಾಕಿಬಿಡಿ. ಕಿಟಕಿಯಿಂದ ಬಿಸಿಲು ನೇರವಾಗಿ ಆ ಗಾಜಿನ ಮೇಲೆ ಬಿದ್ದರೆ ಕೆಳಗಿರುವ ಮರದ ಹೊಟ್ಟಿಗೆ ಬೆಂಕಿ ಹತ್ತಬಹುದು.